50 ಎಂಬ ಸಂಖ್ಯೆಗೆ ರೇಟು ಕಟ್ಟಿದ ಕಥೆ

ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದೆ. ಇದಕ್ಕೆ ಫ್ರೀಕ್ವೆನ್ಸಿ ಅನ್ನುತ್ತಾರೆ. ಉತ್ಪಾದನೆಗಿಂತ ಬಳಕೆ ಜಾಸ್ತಿಯಾದರೆ ಈ 50 ಇಳಿಯುತ್ತದೆ, ಬಳಕೆ ಕಮ್ಮಿಯಾದರೆ ಏರುತ್ತದೆ. ವಿಷಯ ಇಷ್ಟೇ. ಆದರೆ ಅದನ್ನು ಹಿಡಿದಿಡಲು ಬಂದ ಎಬಿಟಿ, ಯುಐ, ಡಿಎಸ್‌ಎಂ ಎಂಬ ಅಕ್ಷರಗಳ ರಾಶಿ ನೋಡಿದರೆ ತಲೆ ಗಿರ್ರೆನ್ನುತ್ತದೆ, ಅಲ್ವಾ?

ರಾಜ್ಯಕ್ಕೊಂದು ವಿದ್ಯುತ್ ಮಂಡಳಿ ತನ್ನಷ್ಟಕ್ಕೆ ನಡೆಯುತ್ತಿದ್ದ ಕಾಲ ಹೋಗಿ ಐದು ಪ್ರಾದೇಶಿಕ ಗ್ರಿಡ್, ಅಂದರೆ ಹಲವು ರಾಜ್ಯಗಳನ್ನು ಹೆಣೆದ ತಂತಿಜಾಲಗಳು ಬಂದವು. ತೊಂಬತ್ತರ ದಶಕದಲ್ಲಿ ದಕ್ಷಿಣದ ಫ್ರೀಕ್ವೆನ್ಸಿ 48ರ ಆಸುಪಾಸಿಗೆ ಕುಸಿಯುತ್ತಿತ್ತು, ಪೂರ್ವದಲ್ಲಿ ರಾತ್ರಿ ಹೊತ್ತು 51 ದಾಟುತ್ತಿತ್ತು. 48.5 ಅಂದರೆ, ಕರೆಂಟಿನ ಲಯ ನೋಡಿ ಓಡುವ ಗಡಿಯಾರ ಗಂಟೆಗೆ ಹೆಚ್ಚುಕಮ್ಮಿ 2 ನಿಮಿಷ ಹಿಂದೆ ಬೀಳುತ್ತದೆ. ಕಾರಣ ಸುಲಭ. ಕೇಂದ್ರದ ಸ್ಥಾವರಗಳ ಕರೆಂಟಿಗೆ ಸಂಜೆ 7ಕ್ಕೂ ರಾತ್ರಿ 2ಕ್ಕೂ ಒಂದೇ ರೇಟು. ಬೇಡದ ಹೊತ್ತಲ್ಲಿ ಸ್ಥಾವರ ಯಾಕೆ ತಗ್ಗಬೇಕು, ಬೇಕಾದ ಹೊತ್ತಲ್ಲಿ ರಾಜ್ಯ ಯಾಕೆ ಕೈ ಬಿಗಿ ಹಿಡಿಯಬೇಕು?

2000ದ ಜನವರಿಯಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಎಬಿಟಿ, ಅಂದರೆ ಲಭ್ಯತೆ ಆಧರಿಸಿದ ದರದ ಆದೇಶ ಹೊರಡಿಸಿತು. ಇದರ ಹಿಂದಿನ ತಲೆ ಎಂಜಿನಿಯರ್ ಭಾನು ಭೂಷಣ್ ಅವರದು. ದಿನವನ್ನು 15 ನಿಮಿಷದ 96 ತುಂಡು ಮಾಡಿ, ಯಾರು ಎಷ್ಟು ಎಳೆಯುತ್ತಾರೆಂದು ಹಿಂದಿನ ದಿನವೇ ಬರೆದಿಡುವುದು. ಬರೆದದ್ದಕ್ಕಿಂತ ಆಚೀಚೆ ಆದದ್ದೇ ಯುಐ, ಅದರ ರೇಟು ಹೇಳುವುದು ಆ ಹೊತ್ತಿನ ಫ್ರೀಕ್ವೆನ್ಸಿ. ಮೊದಲ ದರಪಟ್ಟಿಯಲ್ಲಿ 50.5ಕ್ಕೆ ಸೊನ್ನೆ, 49ರ ಹತ್ತಿರ ಯೂನಿಟ್ಟಿಗೆ 4 ರೂಪಾಯಿ 20 ಪೈಸೆ. ಮೀಟರು 49.2 ತೋರಿಸುತ್ತಿದೆ ಅನ್ನಿ, ಆಗ ಜಲಾಶಯದಲ್ಲಿ ನೀರಿರುವ ರಾಜ್ಯ ಟರ್ಬೈನ್ ತಿರುಗಿಸಿ ಹೆಚ್ಚುವರಿಯಾಗಿ ಬಿಟ್ಟ ಪ್ರತಿ ಯೂನಿಟ್ಟಿಗೂ 3 ರೂಪಾಯಿ 60 ಪೈಸೆ ಚಿಲ್ಲರೆ ಗಿಟ್ಟುತ್ತದೆ, ಮಿತಿಮೀರಿ ಎಳೆಯುವ ರಾಜ್ಯ ಅದೇ ರೇಟಲ್ಲಿ ಕಕ್ಕಬೇಕು. ಯಾರೂ ಯಾರಿಗೂ ಫೋನ್ ಮಾಡಿ ಬೇಡಿಕೊಳ್ಳಬೇಕಿಲ್ಲ. ಒಂದು ಗ್ರಿಡ್ಡಿನ ಯಾವ ಪ್ಲಗ್ಗಿನಲ್ಲಿ ನೋಡಿದರೂ ಅದೇ ಸಂಖ್ಯೆ! ಇಷ್ಟು ಸರಳವಾದ ಮಾರುಕಟ್ಟೆ ಆಮೇಲೆ ನಮಗೆ ಸಿಗಲಿಲ್ಲ ಅಂತ ನನಗನ್ನಿಸುತ್ತದೆ. ದಕ್ಷಿಣಕ್ಕೆ ಇದು 2003ರ ಜನವರಿ 1ಕ್ಕೆ ಬಂತು, ಫ್ರೀಕ್ವೆನ್ಸಿ ಬಹುಪಾಲು 49ರ ಮೇಲೆ ನಿಂತಿತು.

ತೂತೂ ಅಲ್ಲೇ ಇತ್ತು. ಮೊದಲೇ ಒಪ್ಪಂದ ಮಾಡಿ ಕೊಳ್ಳುವ ಬದಲು ಸುಮ್ನೆ ಎಳೆದು ಆಮೇಲೆ ಯುಐ ಕಟ್ಟುವುದು ಕೆಲವು ಸಲ ಅಗ್ಗವಾಗುತ್ತಿತ್ತು. ದುಡ್ಡು ಕೊಟ್ಟ ಮಾತ್ರಕ್ಕೆ ತಂತಿ ಅಗಲವಾಗುವುದಿಲ್ಲವಲ್ಲ. 2012ರ ಜುಲೈ 30ರ ನಸುಕಿನಲ್ಲಿ ಮಧ್ಯಪ್ರದೇಶದ ಬೀನಾ-ಗ್ವಾಲಿಯರ್ ಲೈನು ಹೊರೆ ತಾಳದೆ ಕಳಚಿ ಉತ್ತರದ ಗ್ರಿಡ್ ಕುಸಿಯಿತು, ಮರುದಿನ ಪೂರ್ವ, ಈಶಾನ್ಯವನ್ನೂ ಎಳೆದುಕೊಂಡು ಬಿತ್ತು. ದಕ್ಷಿಣ ಇನ್ನೂ ಬೇರೆಯೇ ಲಯದಲ್ಲಿತ್ತು, ಬಚಾವಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಲೈನಿನಿಂದ ನಾವೂ ಸೇರಿಕೊಂಡೆವು. 2014ರಲ್ಲಿ ಯುಐ ಹೋಗಿ ಡಿಎಸ್‌ಎಂ ಎಂಬ, ಆಚೀಚೆಯ ಲೆಕ್ಕ ತೀರಿಸುವ ಹೊಸ ಪದ್ಧತಿ ಬಂತು, ಫ್ರೀಕ್ವೆನ್ಸಿ ಇರಬೇಕಾದ ಮಿತಿ 49.90 ಮತ್ತು 50.05ರ ನಡುವಿಗೆ ಬಿಗಿಯಾಯಿತು. 2020ರ ಜೂನಿಂದ ಅರ್ಧ ಗಂಟೆಗೊಮ್ಮೆ ಕರೆಂಟಿನ ಹರಾಜು.

2022ರ ಡಿಸೆಂಬರಿನಲ್ಲಿ ಆಚೀಚೆ ಆದದ್ದಕ್ಕೆ ಕಟ್ಟುವ ಈ ದಂಡವನ್ನು ಫ್ರೀಕ್ವೆನ್ಸಿಯಿಂದಲೇ ಬಿಡಿಸಿ ಮಾರುಕಟ್ಟೆ ಬೆಲೆಗೆ ಕಟ್ಟಿದರು. ಕಾಗದದ ಮೇಲೆ ತರ್ಕ ಸರಿಯಾಗೇ ಇತ್ತು. ಆದರೆ ಫ್ರೀಕ್ವೆನ್ಸಿ ಹೊಯ್ದಾಡಿತು, ಕೆಲವೇ ವಾರಗಳಲ್ಲಿ ತಿದ್ದುಪಡಿ ಬಂತು, 2024ರ ನಿಯಮದಲ್ಲೂ ಆ ಹಳೆಯ ಫ್ರೀಕ್ವೆನ್ಸಿ ಲೆಕ್ಕದಲ್ಲಿದೆ.

ಈಗ ಆಯ್ದ ಸ್ಥಾವರಗಳಿಗೆ ಉತ್ಪಾದನೆ ಏರಿಸು, ಇಳಿಸು ಎಂದು 4 ಸೆಕೆಂಡಿಗೊಂದು ಸಿಗ್ನಲ್ ಹೋಗುತ್ತದೆ. ಬಿಲ್ ಮಾತ್ರ 15 ನಿಮಿಷದ ಲೆಕ್ಕದಲ್ಲೇ ಬರುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಸಂಜೆ ಸೊನ್ನೆಗಿಳಿಯುವ ಹೊತ್ತಿಗೇ ಮನೆಗಳಲ್ಲಿ ದೀಪ ಹತ್ತುತ್ತವೆ, ಆ ಎರಡರ ನಡುವಿನ ಹಳ್ಳ ತುಂಬಲು ಶರಾವತಿಯ ನೀರು ಬೇಕು.