ಬೆಡ್‌ಲಮ್ ಯಾಕೆ ನಿಂತೋಯ್ತು: ಕಾಲೇಜ್ ಫುಟ್‌ಬಾಲ್‌ನ ಹಳೇ ಜಿದ್ದುಗಳ ಕಥೆ

ಓಕ್ಲಹೋಮಾದಲ್ಲಿ ಕಾರಿಗೆ ಮುಂದ್ಗಡೆ ನಂಬರ್ ಪ್ಲೇಟ್ ಕಡ್ಡಾಯ ಇಲ್ಲ, ಹಾಗಾಗಿ ಆ ಜಾಗದಲ್ಲಿ ಜನ ತಮಗಿಷ್ಟ ಬಂದಿದ್ದು ಹಾಕ್ಕೋತಾರೆ. ನಾನು ಎಂಎಸ್ ಮಾಡೋಕೆ ಅಂತ ಸ್ಟಿಲ್‌ವಾಟರ್‌ಗೆ ಬಂದ ಹೊಸದ್ರಲ್ಲಿ ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಒಂದು ಪಿಕಪ್ ಟ್ರಕ್ ನಿಂತಿರ್ತಿತ್ತು, ಅದರ ಪ್ಲೇಟು ಅರ್ಧ ಕಿತ್ತಳೆ ಬಣ್ಣ, ಅರ್ಧ ಕಡುಗೆಂಪು. ಕಿತ್ತಳೆ ಅಂದ್ರೆ ಇದೇ ಊರಿನ ಓಕ್ಲಹೋಮಾ ಸ್ಟೇಟ್, ಕೆಂಪು ಅಂದ್ರೆ ಕಾರಲ್ಲಿ ಒಂದೂವರೆ ಗಂಟೆ ದೂರ ಇರೋ ನಾರ್ಮನ್‌ನ ಓಕ್ಲಹೋಮಾ ಯೂನಿವರ್ಸಿಟಿ. ಗಂಡ ಒಂದು ಕಡೆ ಹೆಂಡ್ತಿ ಇನ್ನೊಂದು ಕಡೆ, ಮನೆ ಎರಡು ಪಾಲು ಅಂತ ಊರಿಗೆಲ್ಲ ಹೇಳೋ ಪ್ಲೇಟ್ ಅದು. ಆ ಊರಲ್ಲಿ ಇಂಥ ಪ್ಲೇಟ್ ಎಷ್ಟು ನೋಡಿದೀನೋ ಲೆಕ್ಕ ಇಲ್ಲ.

ಈ ಎರಡು ಟೀಮ್‌ಗಳ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನ ಕೈಲಿ ಹಿಡ್ಕೊಂಡು ಓಡೋ ಆಟ) ಮ್ಯಾಚಿಗೆ ಬೆಡ್‌ಲಮ್ ಅಂತ ಹೆಸರು, ಅಂದ್ರೆ ಗದ್ದಲ, ಹುಚ್ಚಾಟ. ಮೊದಲನೇ ಮ್ಯಾಚ್ ಆಗಿದ್ದು 1904ರಲ್ಲಿ ಗತ್ರಿ ಅನ್ನೋ ಊರಲ್ಲಿ, ಆಗಿನ್ನೂ ಓಕ್ಲಹೋಮಾ ರಾಜ್ಯನೇ ಆಗಿರ್ಲಿಲ್ಲ. ಮೈ ಕೊರೆಯೋ ಚಳಿ, ಜೋರು ಗಾಳಿ. ಈಗಿನ ಓಕ್ಲಹೋಮಾ ಸ್ಟೇಟ್‌ಗೆ ಆಗ ಬೇರೆ ಹೆಸರಿತ್ತು, ಆ ಟೀಮ್‌ನವನು ಚೆಂಡನ್ನ ಮುಂದಕ್ಕೆ ಒದ್ರೆ ಗಾಳಿ ಅದನ್ನ ಅವನ ತಲೆ ಮೇಲಿಂದ ಹಿಂದಕ್ಕೇ ಹೊತ್ಕೊಂಡು ಹೋಯ್ತು, ಚೆಂಡು ಇಳಿಜಾರಲ್ಲಿ ಉರುಳಿ ಅರ್ಧ ಹೆಪ್ಪುಗಟ್ಟಿದ ಹಳ್ಳಕ್ಕೆ ಬಿತ್ತು. ಯಾರ ಕೈಗೆ ಸಿಕ್ರೆ ಅವರಿಗೆ ಲಾಭ ಅಂತ ಎರಡೂ ಟೀಮಿನವರು ಆ ನೀರಿಗೆ ಹಾರಿದ್ರು! ಓಕ್ಲಹೋಮಾದವನು ಚೆಂಡು ಹಿಡ್ಕೊಂಡು ಮೇಲೆ ಬಂದ, ಅದಕ್ಕೆ ಟಚ್‌ಡೌನ್ (ಗೋಲ್ ಥರದ್ದು) ಕೊಟ್ರು, ಕೊನೆಗೆ ಓಕ್ಲಹೋಮಾ 75-0ಕ್ಕೆ ಗೆದ್ತು. ಅಲ್ಲಿಂದ ಶುರುವಾಗಿದ್ದು 2023ರ ನವೆಂಬರ್ 4ರವರೆಗೆ ಬಂತು. ಅವತ್ತು ಸ್ಟಿಲ್‌ವಾಟರ್‌ನಲ್ಲಿ ಓಕ್ಲಹೋಮಾ ಸ್ಟೇಟ್ 27-24ಕ್ಕೆ ಗೆದ್ತು, ಜನ ಮೈದಾನಕ್ಕೆ ನುಗ್ಗಿದ್ರು, ಅಲ್ಲಿಗೆ ನಿಂತೋಯ್ತು.

ಯಾಕೆ ನಿಂತಿತು ಅಂತ ಗೊತ್ತಾಗ್ಬೇಕಾದ್ರೆ ಕಾನ್ಫರೆನ್ಸ್ ಅಂದ್ರೇನು ಅಂತ ನೋಡ್ಬೇಕು. ಮೊದಲೇ ಹೇಳ್ಬಿಡ್ತೀನಿ, ಇಲ್ಲಿನ ಕಾಲೇಜ್ ಫುಟ್‌ಬಾಲ್ ನಮ್ಮೂರಿನ ಇಂಟರ್‌ಕಾಲೇಜ್ ಮ್ಯಾಚ್ ಥರ ಅಲ್ಲ, ಮಿಷಿಗನ್ ಯೂನಿವರ್ಸಿಟಿ ಸ್ಟೇಡಿಯಂ ಒಂದರಲ್ಲೇ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಕೂರ್ತಾರೆ. ಕಾನ್ಫರೆನ್ಸ್ ಅಂದ್ರೆ ಪ್ರತಿ ವರ್ಷ ನಮ್ಮನಮ್ಮಲ್ಲೇ ಆಡೋಣ, ಬಂದ ದುಡ್ಡು ಹಂಚ್ಕೊಳ್ಳೋಣ ಅಂತ ಒಪ್ಕೊಂಡಿರೋ ಕಾಲೇಜುಗಳ ಗುಂಪು. ಬಿಗ್ ಟೆನ್ 1896ರದ್ದು, ಶಿಕಾಗೋ ಸುತ್ತಮುತ್ತಲಿನದು. ಸೌತ್‌ವೆಸ್ಟ್ ಕಾನ್ಫರೆನ್ಸ್ 1914ರದ್ದು, ಹೆಚ್ಚುಕಡಿಮೆ ಪೂರ್ತಿ ಟೆಕ್ಸಸ್‌ದು. ಪಶ್ಚಿಮ ಕರಾವಳಿಯವರು 1915ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಸೇರಿ ತಮ್ಮದೊಂದು ಮಾಡ್ಕೊಂಡ್ರು. ರೈಲಲ್ಲಿ ಹೋಗಿ ಬರೋ ಕಾಲ, ಹಾಗಾಗಿ ಪಕ್ಕದೂರಿನವರೇ ಎದುರಾಳಿ. ಪಕ್ಕದೂರಿನವರ ಜೊತೆ ಆಡಿದ್ರೇ ತಾನೇ ಜಿದ್ದು ಬೆಳೆಯೋದು, ಸೋತ ಮಾರನೇ ದಿನ ಆಫೀಸಲ್ಲಿ ಗೆದ್ದವನ ಮುಖ ನೋಡ್ಬೇಕಲ್ಲ.

ಇದನ್ನ ಅಲ್ಲಾಡಿಸಿದ್ದು ಟಿವಿ. 80ರ ದಶಕದ ಶುರುವಲ್ಲಿ ಎನ್‌ಸಿಎಎ ಅನ್ನೋ ಕೇಂದ್ರ ಸಂಸ್ಥೆನೇ ಎಲ್ಲ ಕಾಲೇಜುಗಳ ಪರವಾಗಿ ಫುಟ್‌ಬಾಲ್ ಟಿವಿ ಹಕ್ಕು ಮಾರ್ತಿತ್ತು, ಒಂದು ಟೀಮು ಎರಡು ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚು ಟಿವಿಲಿ ಬರೋ ಹಾಗಿರ್ಲಿಲ್ಲ. 1981ರಲ್ಲಿ ಓಕ್ಲಹೋಮಾ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ಮ್ಯಾಚು 200ಕ್ಕೂ ಹೆಚ್ಚು ಸ್ಟೇಷನ್‌ಗಳಲ್ಲಿ ಬಂತು, ಅದೇ ವಾರಾಂತ್ಯ ಸಿಟಡೆಲ್ ಮತ್ತು ಅಪಲೇಶಿಯನ್ ಸ್ಟೇಟ್ ಅನ್ನೋ ಸಣ್ಣ ಟೀಮ್‌ಗಳ ಮ್ಯಾಚು ನಾಲ್ಕೇ ಸ್ಟೇಷನ್‌ಗಳಲ್ಲಿ ಬಂತು, ನಾಲ್ಕೂ ಟೀಮ್‌ಗೆ ಸಿಕ್ಕಿದ್ದು ಒಂದೇ ದುಡ್ಡು. ದೊಡ್ಡವರಿಗೆ ಹೊಟ್ಟೆ ಉರಿದಿದ್ದು ಅರ್ಥ ಆಗುತ್ತೆ. ಓಕ್ಲಹೋಮಾ ಮತ್ತು ಜಾರ್ಜಿಯಾ ಯೂನಿವರ್ಸಿಟಿಗಳು ಕೇಸ್ ಹಾಕಿದ್ವು. 1984ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 7-2ರಲ್ಲಿ ಅವರ ಪರ ತೀರ್ಪು ಕೊಡ್ತು, ಎನ್‌ಸಿಎಎ ಹಿಡಿತ ಹೋಯ್ತು. ಒಪ್ಪದೇ ಇದ್ದ ಇಬ್ಬರಲ್ಲಿ ಒಬ್ಬರು ಜಸ್ಟಿಸ್ ಬೈರನ್ ವೈಟ್, ಸ್ವತಃ ಕೊಲರಾಡೋಗೆ ಆಡಿದ್ದ ದೊಡ್ಡ ಫುಟ್‌ಬಾಲ್ ಸ್ಟಾರ್. ಇದನ್ನ ಬರೀ ವ್ಯಾಪಾರ ಅಂತ ನೋಡೋದೇ ತಪ್ಪು ಅಂತ ಅವರು ಬರೆದ್ರು. ನಲವತ್ತು ವರ್ಷ ಆದ್ಮೇಲೆ ಅದನ್ನ ಓದಿದ್ರೆ ಮನಸ್ಸು ಭಾರ ಆಗುತ್ತೆ. ಕಾನೂನಿನ ಪ್ರಕಾರ ಬಹುಮತದ ತೀರ್ಪೇ ಸರಿ ಇರ್ಬಹುದು, ಆದ್ರೆ ಮುಂದೆ ಆಗೋದನ್ನ ವೈಟ್ ಮೊದಲೇ ಕಂಡಿದ್ರು ಅಂತ ನನಗನ್ಸುತ್ತೆ.

ಟಿವಿ ಹಕ್ಕು ಕಾಲೇಜುಗಳ ಕೈಗೆ ಬಂದ್ಮೇಲೆ ಒಬ್ಬೊಬ್ಬರೇ ಮಾರೋದಕ್ಕಿಂತ ಗುಂಪಾಗಿ ಮಾರಿದ್ರೆ ಬೆಲೆ ಜಾಸ್ತಿ, ಗುಂಪಲ್ಲಿ ದೊಡ್ಡ ಹೆಸರುಗಳಿದ್ರೆ ಇನ್ನೂ ಜಾಸ್ತಿ. ಅಲ್ಲಿಂದ ಕಾಲೇಜುಗಳ ಗುಳೆ ಶುರುವಾಯ್ತು. ಅರ್ಕಾನ್ಸಾ ಸೌತ್‌ವೆಸ್ಟ್ ಬಿಟ್ಟು ಆಗ್ನೇಯ ರಾಜ್ಯಗಳ ಕಾನ್ಫರೆನ್ಸ್ ಆದ ಎಸ್‌ಇಸಿಗೆ ಹೋಯ್ತು, ಎಸ್‌ಇಸಿ 12 ಟೀಮ್ ಆಗಿ 1992ರಲ್ಲಿ ತನ್ನದೇ ಚಾಂಪಿಯನ್‌ಶಿಪ್ ಮ್ಯಾಚ್ ಶುರು ಮಾಡ್ತು. 1996ಕ್ಕೆ ಸೌತ್‌ವೆಸ್ಟ್ ಮುಚ್ಚೇಹೋಯ್ತು, ಟೆಕ್ಸಸ್‌ನ ನಾಲ್ಕು ಕಾಲೇಜುಗಳು ಓಕ್ಲಹೋಮಾ, ಓಕ್ಲಹೋಮಾ ಸ್ಟೇಟ್, ನೆಬ್ರಾಸ್ಕಾ ಇದ್ದ ಬಿಗ್ ಎಯ್ಟ್ ಕಾನ್ಫರೆನ್ಸ್ ಜೊತೆ ಸೇರಿ ಬಿಗ್ 12 ಆಯ್ತು.

ಮೊದಲನೇ ಪೆಟ್ಟು ಬಿದ್ದಿದ್ದು ಕೇಸ್ ಗೆದ್ದ ಓಕ್ಲಹೋಮಾಗೇ. ನೆಬ್ರಾಸ್ಕಾ ಜೊತೆ 1928ರಿಂದ ಒಂದು ವರ್ಷನೂ ತಪ್ಪದೆ ಆಡ್ಕೊಂಡು ಬಂದಿದ್ರು. 1971ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ನೆಬ್ರಾಸ್ಕಾ ನಂಬರ್ ಒನ್, ಓಕ್ಲಹೋಮಾ ನಂಬರ್ ಟೂ, ನೆಬ್ರಾಸ್ಕಾ 35-31ರಲ್ಲಿ ಗೆದ್ದ ಆ ಮ್ಯಾಚನ್ನ ಶತಮಾನದ ಮ್ಯಾಚ್ ಅಂತಾನೇ ಕರೀತಾರೆ. ಹೊಸ ಬಿಗ್ 12ನಲ್ಲಿ ಉತ್ತರ ದಕ್ಷಿಣ ಅಂತ ಎರಡು ಡಿವಿಷನ್ ಮಾಡಿ ಇಬ್ಬರನ್ನೂ ಬೇರೆಬೇರೆ ಕಡೆ ಹಾಕಿದ್ರು, ನಾಲ್ಕು ವರ್ಷಕ್ಕೆ ಎರಡೇ ಸಲ ಮ್ಯಾಚ್. ಎಪ್ಪತ್ತು ವರ್ಷದ ಅಭ್ಯಾಸ 1998ರಲ್ಲಿ ಒಂದು ವೇಳಾಪಟ್ಟಿಯಿಂದ ಮುರೀತು. 2011ಕ್ಕೆ ನೆಬ್ರಾಸ್ಕಾ ಬಿಗ್ ಟೆನ್‌ಗೆ ಹೊರಟೇಹೋಯ್ತು.

ಅದೇ ವರ್ಷ ಟೆಕ್ಸಸ್ ಯೂನಿವರ್ಸಿಟಿ ಇಎಸ್‌ಪಿಎನ್ ಜೊತೆ ಸೇರಿ ತನಗೊಂದು ಸ್ವಂತ ಚಾನೆಲ್ ಶುರು ಮಾಡ್ತು, ಇದು ಸರಿಹೋಗದೆ ಅದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ ಟೆಕ್ಸಸ್ ಎ ಅಂಡ್ ಎಂ ಎಸ್‌ಇಸಿಗೆ ಹೊರಡ್ತು. 1894ರಿಂದ ಈ ಇಬ್ಬರ ನಡುವೆ ಇದ್ದ ಜಿದ್ದು 2011ರ ಥ್ಯಾಂಕ್ಸ್‌ಗಿವಿಂಗ್ ರಾತ್ರಿ, ಕೊನೇ ಕ್ಷಣದ ಒಂದು ಕಿಕ್‌ನಲ್ಲಿ ಟೆಕ್ಸಸ್ 27-25 ಗೆದ್ದಲ್ಲಿಗೆ ನಿಂತಿತು. ಈ ಜಿದ್ದು ಬರೀ ಬೈದಾಟ ಅಂದ್ಕೋಬೇಡಿ. ಎ ಅಂಡ್ ಎಂ ಹುಡುಗರು ಪ್ರತಿ ವರ್ಷ ಟೆಕ್ಸಸ್ ಮ್ಯಾಚಿಗೆ ಮುಂಚೆ ಮರದ ದಿಮ್ಮಿಗಳನ್ನ ದೊಡ್ಡ ಗೋಪುರದ ಹಾಗೆ ಜೋಡಿಸಿ ಬೆಂಕಿ ಹಚ್ತಿದ್ರು. 1999ರ ನವೆಂಬರ್ 18ರ ಬೆಳಗಿನ ಜಾವ ಕಟ್ಟುವಾಗಲೇ ಅದು ಕುಸಿದು 12 ಜನ ಸತ್ರು. ಎಂಟು ದಿನ ಆದ್ಮೇಲೆ ನಡೆದ ಮ್ಯಾಚಲ್ಲಿ ಟೆಕ್ಸಸ್ ಬ್ಯಾಂಡಿನವರು ಟೋಪಿ ತೆಗೆದು ನಿಂತ್ಕೊಂಡ್ರು. ನೂರು ವರ್ಷ ಎದುರಾಳಿಯಾಗಿ ಇದ್ದವರಿಗೇ ಆ ದುಃಖ ಅಷ್ಟು ಹತ್ತಿರದಿಂದ ಗೊತ್ತಾಗೋದು, ಟಿವಿ ಒಪ್ಪಂದದಲ್ಲಿ ಇದಕ್ಕೆಲ್ಲ ಯಾವ ಕಾಲಂ ಇದೆ ಹೇಳಿ.

ಮಿಸೌರಿ ಮತ್ತು ಕಾನ್ಸಸ್ ನಡುವಿನ ಜಿದ್ದೂ ಅದೇ ಸಮಯಕ್ಕೆ ಹೋಯ್ತು, ಪಿಟ್ಸ್‌ಬರ್ಗ್ ಮತ್ತು ವೆಸ್ಟ್ ವರ್ಜೀನಿಯಾದ್ದೂ ಹೋಯ್ತು. ಆದ್ರೆ ಎಲ್ಲಕ್ಕಿಂತ ದೊಡ್ಡ ಅನಾಹುತ ಪಶ್ಚಿಮದ್ದು. 2022ರ ಜೂನ್ 30ಕ್ಕೆ ಲಾಸ್ ಏಂಜಲೀಸ್‌ನ ಎರಡೂ ದೊಡ್ಡ ಕಾಲೇಜುಗಳು ಬಿಗ್ ಟೆನ್‌ಗೆ ಹೋಗ್ತೀವಿ ಅಂದ್ವು, 2023ರ ಆಗಸ್ಟ್ 4 ಒಂದೇ ದಿನ ಪಶ್ಚಿಮದವರ ಕಾನ್ಫರೆನ್ಸ್ ಆದ ಪ್ಯಾಕ್-12 ಬಿಟ್ಟು ಐದು ಕಾಲೇಜು ಹೊರಟ್ವು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಪೆಸಿಫಿಕ್ ಪಕ್ಕದಲ್ಲಿರೋವು, ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿದ್ವು. ಉಳಿದಿದ್ದು ಇಬ್ಬರೇ, ಓರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ಇರೋ ನಮ್ಮ ಕನ್ನಡದವರ ಮಕ್ಕಳೂ ಈ ಕಾಲೇಜುಗಳಲ್ಲಿ ಓದ್ತಾರೆ. ಫುಟ್‌ಬಾಲ್ ಟೀಮು ವಾರಕ್ಕೊಂದು ಮ್ಯಾಚ್ ಆಡುತ್ತೆ, ಹೆಂಗೋ ಆಗುತ್ತೆ, ಆದ್ರೆ ವಾಲಿಬಾಲ್, ಸಾಫ್ಟ್‌ಬಾಲ್ ಆಡೋ ಹುಡುಗೀರು ಕ್ಲಾಸ್ ಬಿಟ್ಟು ದೇಶದ ಈ ತುದಿಯಿಂದ ಆ ತುದಿಗೆ ಹಾರ್ಬೇಕು, ಆ ಒಪ್ಪಂದಗಳು ಆಗಿದ್ದು ಅವರಿಗೋಸ್ಕರ ಅಲ್ವೇ ಅಲ್ಲ.

ಓಕ್ಲಹೋಮಾ ಮತ್ತು ಟೆಕ್ಸಸ್ 2021ರ ಜುಲೈನಲ್ಲೇ ಎಸ್‌ಇಸಿಗೆ ಹೋಗೋದು ಗೊತ್ತಾಗಿತ್ತು, ಒಂದು ವರ್ಷ ಮುಂಚೆ ಬಿಡ್ಬೇಕು ಅಂತ ಇಬ್ಬರೂ ಸೇರಿ 10 ಕೋಟಿ ಡಾಲರ್ ಬಿಟ್ಟುಕೊಟ್ರು. 2024ರ ಜುಲೈ 1ಕ್ಕೆ ಹೋದ್ರು. ಓಕ್ಲಹೋಮಾ ಸ್ಟೇಟ್ ಬಿಗ್ 12ನಲ್ಲೇ ಉಳೀತು.

ಕಾನ್ಫರೆನ್ಸ್ ಬೇರೆ ಆದ್ರೂ ಮ್ಯಾಚ್ ಇಟ್ಕೋಬಹುದಲ್ಲ ಅಂತ ಎಲ್ಲರೂ ಕೇಳ್ತಾರೆ. ಇಟ್ಕೋಬಹುದು. ಬ್ಯಾಸ್ಕೆಟ್‌ಬಾಲ್, ಸಾಫ್ಟ್‌ಬಾಲ್‌ನಲ್ಲಿ ಈ ಇಬ್ಬರೂ ಈಗಲೂ ಆಡ್ತಾರೆ. ಫುಟ್‌ಬಾಲ್‌ನಲ್ಲಿ ಒಂದು ಸೀಸನ್‌ಗೆ 12 ಮ್ಯಾಚು, ಎಂಟೋ ಒಂಬತ್ತೋ ಕಾನ್ಫರೆನ್ಸ್ ಒಳಗೇ ಹೋಗುತ್ತೆ, ಉಳಿದ ಮೂರ್ನಾಲ್ಕನ್ನ ವರ್ಷಗಟ್ಟಲೆ ಮುಂಚೆನೇ ಬುಕ್ ಮಾಡಿರ್ತಾರೆ. ಅದಕ್ಕಿಂತ ಹೆಚ್ಚಾಗಿ, ಬಿಟ್ಟುಹೋದವರ ಅನುಕೂಲ ನೋಡ್ಕೊಂಡು ನಾವ್ಯಾಕೆ ತಾರೀಕು ಕೊಡ್ಬೇಕು ಅನ್ನೋ ನೋವು ಉಳಿದವರಿಗೆ ಇರುತ್ತೆ. ಅದು ತಪ್ಪು ಅಂತ ನನಗನ್ಸಲ್ಲ.

ವಾಪಸ್ ಬಂದಿರೋ ಜಿದ್ದುಗಳೂ ಇವೆ. ಟೆಕ್ಸಸ್ ತಾನೇ ಎಸ್‌ಇಸಿಗೆ ಬಂದಿದ್ದಕ್ಕೆ 2024ರಲ್ಲಿ ಎ ಅಂಡ್ ಎಂ ಮ್ಯಾಚ್ ಮತ್ತೆ ಆಯ್ತು, ಯೂಟಾ ಮತ್ತು ಬ್ರಿಗಮ್ ಯಂಗ್ ಅದೇ ವರ್ಷ ಬಿಗ್ 12ನಲ್ಲಿ ಒಂದಾಗಿ, ಬ್ರಿಗಮ್ ಯಂಗ್ 22-21ಕ್ಕೆ ಗೆದ್ತು. ಕಾನ್ಸಸ್ ಮತ್ತು ಮಿಸೌರಿ 2025ರ ಸೆಪ್ಟೆಂಬರ್‌ನಲ್ಲಿ ಆಡಿದ್ರು, ಅದೂ ಬೇರೆಬೇರೆ ಕಾನ್ಫರೆನ್ಸ್‌ನಲ್ಲಿ ಇದ್ಕೊಂಡೇ, ಮಿಸೌರಿ 42-31. ಆದ್ರೆ ಮಧ್ಯೆ ಹದಿಮೂರು ಸೀಸನ್ ಖಾಲಿ ಹೋಗಿದೆ. ನಾಲ್ಕು ವರ್ಷದ ಡಿಗ್ರಿ ಲೆಕ್ಕದಲ್ಲಿ ಆ ಮ್ಯಾಚನ್ನ ಒಂದು ಸಲನೂ ನೋಡದೆ ಎಷ್ಟು ಬ್ಯಾಚ್ ಪಾಸಾಗಿ ಹೋಗಿವೆ ನೋಡಿ. ಸ್ಟಿಲ್‌ವಾಟರ್‌ನಲ್ಲಿ 2024ರಲ್ಲಿ ಸೇರಿದ ಮಕ್ಕಳಿಗೆ ಆಗ್ಲೇ ಎರಡು ಸೀಸನ್ ಬೆಡ್‌ಲಮ್ ಇಲ್ಲದೇ ಕಳೀತು.