ಕೀ ಕೊಟ್ಟ ಮಾತ್ರಕ್ಕೆ ಆರ್‌ಸಿಯಿಂದ ಹೆಸರು ಹೋಗದು

“ಗಾಡಿ ಡೀಲರ್ ಹತ್ರ ಬಿಟ್ಟು ಎಂಟು ತಿಂಗಳಾಯ್ತು ಸಾರ್. ಮಾರಿಯೂ ಆಯ್ತು, ದುಡ್ಡೂ ಬಂತು. ಈಗ ಆಕ್ಸಿಡೆಂಟ್ ನೋಟಿಸ್ ನನಗ್ಯಾಕೆ?”

ಕಮಿಷನ್ ಮೇಲೆ ಕಾರು ಮಾರಿಸಿದವರು ಕೇಳುವ ಈ ಪ್ರಶ್ನೆಗೆ ಉತ್ತರ ಇಷ್ಟೇ: ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಇನ್ನೂ ನಿಮ್ಮ ಹೆಸರಿದೆ. ಎಷ್ಟು ಸಲ ಹೇಳಿದರೂ ಜನ ಜೇಬಿನಿಂದ ಡೆಲಿವರಿ ನೋಟ್ ತೆಗೆದು ತೋರಿಸುತ್ತಾರೆ. “ಇಂದಿನಿಂದ ಈ ವಾಹನದ ಎಲ್ಲ ಜವಾಬ್ದಾರಿಯೂ ಖರೀದಿದಾರರದ್ದು” ಎಂದು ಬರೆದು, ಸ್ಟಾಂಪ್ ಹಚ್ಚಿ, ಸಹಿ ಹಾಕಿದ ಕಾಗದ. ಅದು ನಿಮ್ಮಿಬ್ಬರ ನಡುವಿನ ಕರಾರು. ಅಪಘಾತದಲ್ಲಿ ಕಾಲು ಮುರಿದುಕೊಂಡವನು ಅದಕ್ಕೆ ಸಹಿ ಹಾಕಿಲ್ಲವಲ್ಲ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು. ಗಾಡಿ ನಾಲ್ಕು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ವಿಮೆ ಚಾಲ್ತಿಯಲ್ಲಿದ್ದರೆ ಹೊರೆ ಬಹುಮಟ್ಟಿಗೆ ಕಂಪನಿಯ ಮೇಲೆ ಹೋಗುತ್ತದೆ. ಅದು ಮುಗಿದಿತ್ತೋ, ದುಡ್ಡು ನಿಮ್ಮ ಕೈಯಿಂದಲೇ.

ಎಡವಟ್ಟು ಶುರುವಾಗುವುದು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ರಿಂದ. ಗಾಡಿ ಬಿಡಲು ಹೋದ ದಿನ ಡೀಲರ್ “ಇಲ್ಲೊಂದು, ಇಲ್ಲೊಂದು ಸೈನ್ ಹಾಕಿ” ಅನ್ನುತ್ತಾರೆ. ಎಂಜಿನ್ ನಂಬರ್, ಚಾಸಿ ನಂಬರ್ ತುಂಬಿರುತ್ತದೆ. ಕೊಳ್ಳುವವರ ಹೆಸರು, ವಿಳಾಸ, ತಾರೀಖು ಮೂರೂ ಖಾಲಿ. ಪಾರ್ಟಿ ಇನ್ನೂ ಸಿಕ್ಕಿಲ್ಲ, ಹೆಸರು ಎಲ್ಲಿಂದ ತುಂಬೋದು ಎನ್ನುವ ಅವರ ಮಾತು ಸುಳ್ಳಲ್ಲ. ಆದರೆ ಆ ಖಾಲಿ ಫಾರಂ ಗಾಡಿಯ ಜೊತೆಗೇ ಓಡಾಡುತ್ತದೆ. ಇವರಿಂದ ಇನ್ನೊಬ್ಬ ಡೀಲರ್, ಅವರಿಂದ ಬಾಡಿಗೆಗೆ ಓಡಿಸುವವನು. ಹೆಸರು ಬದಲಾಯಿಸಿದರೆ ಖರ್ಚು, ಮಾಲೀಕರ ಲೆಕ್ಕದಲ್ಲಿ ಒಂದು ಹೆಚ್ಚಾದರೆ ರೇಟೂ ಇಳಿಯುತ್ತದೆ. ಹಾಗಾಗಿ ಯಾರಿಗೂ ಅವಸರವಿಲ್ಲ. ಪಾರ್ಟಿ ಸಿಕ್ಕ ಮೇಲೆ ಫಾರಂಗೆ ಸಹಿ ಹಾಕಲು ಇನ್ನೊಮ್ಮೆ ಹೋಗಿಬರುವುದು ಅರ್ಧ ದಿನದ ಕೆಲಸ. ಅದಕ್ಕೆ ಬೇಸರಪಡಬೇಡಿ.

ಮಧ್ಯದ ಅವಧಿಗೆ ಈಗ ಒಳ್ಳೆಯ ದಾರಿಯೇ ಇದೆ, ಬಳಸುವವರು ಕಡಿಮೆ. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ಡೀಲರ್‌ಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯಬೇಕು. ಅದರ ಅವಧಿ ಐದು ವರ್ಷ. ಅಂಥ ಡೀಲರ್‌ಗೆ ಗಾಡಿ ಒಪ್ಪಿಸುವಾಗ ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲ್‌ನಲ್ಲಿ ಫಾರಂ 29ಸಿ (ಗಾಡಿ ಒಪ್ಪಿಸಿದ ಮಾಹಿತಿ) ಸಲ್ಲಿಸಿದರೆ, ಅಲ್ಲಿಂದ ಮುಂದಕ್ಕೆ ಡೀಲರನ್ನೇ ಮಾಲೀಕ ಎಂದು ಪರಿಗಣಿಸಲಾಗುತ್ತದೆ. ಗಾಡಿ ಟ್ರಯಲ್‌ಗೋ ರಿಪೇರಿಗೋ ಹೊರಗೆ ಹೋದರೆ ಯಾರು ಓಡಿಸಿದರು, ಯಾವಾಗ, ಎಷ್ಟು ಕಿಲೋಮೀಟರ್ ಎಂಬುದನ್ನೂ ಅವರು ದಾಖಲಿಸಿಡಬೇಕು. ಸಲ್ಲಿಕೆಯ ಸ್ವೀಕೃತಿ ಕೈಗೆ ಬಂದ ಮೇಲೆ ಕೀ ಕೊಡಿ. ಅಧಿಕಾರ ಪತ್ರವೇ ಇಲ್ಲದ ಬ್ರೋಕರ್ ಆದರೆ 29ಸಿಯ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಗಾಡಿ ನಿಮ್ಮ ಮನೆ ಮುಂದೆಯೇ ಇರಲಿ, ಪಾರ್ಟಿಯನ್ನು ಕರೆತಂದು ತೋರಿಸಲಿ.

ಕರಾರಿನಲ್ಲಿ ಏನಿರಬೇಕು ಎಂದರೆ: ಕಮಿಷನ್ ಶೇಕಡಾವಾರೋ, ನೆಟ್ ರೇಟೋ. ನೆಟ್ ರೇಟ್ ಅಂದರೆ ನಿಮಗಿಷ್ಟು, ಮೇಲೆ ಬಂದದ್ದೆಲ್ಲ ಅವರದ್ದು. ಅದಕ್ಕೆ ಒಪ್ಪಿದ ಮೇಲೆ ಗಾಡಿ ಎಷ್ಟಕ್ಕೆ ಹೋಯಿತೆಂದು ಕೇಳಿ ಹೊಟ್ಟೆ ಉರಿಸಿಕೊಳ್ಳಬಾರದು. ಶೇಕಡಾವಾರಾದರೆ ಕನಿಷ್ಠ ಬೆಲೆ ನಮೂದಾಗಲಿ, ಕಮಿಷನ್ ಮೇಲಿನ ಜಿಎಸ್‌ಟಿ ಯಾರ ತಲೆಗೆ ಎಂಬುದೂ. ಪಾಲಿಶ್, ಟಯರ್, ಬ್ಯಾಟರಿ ಅಂತ ಕೊನೆಗೆ ಕಳೆಯುವ ಖರ್ಚಿಗೆ ನಿಮ್ಮ ಲಿಖಿತ ಒಪ್ಪಿಗೆ ಬೇಕು ಎಂದು ಬರೆಸಿ. ಗಡುವು 30 ಅಥವಾ 45 ದಿನ ಸಾಕು. ಬಿಡುವ ದಿನ ಮೀಟರ್ ರೀಡಿಂಗ್, ನಾಲ್ಕೂ ಬದಿ, ಸ್ಟೆಪ್ನಿ, ಟೂಲ್ ಕಿಟ್ ಎಲ್ಲದರ ಫೋಟೋ ತೆಗೆದು ಅಲ್ಲೇ ನಿಂತು ಡೀಲರ್ ವಾಟ್ಸ್‌ಆ್ಯಪ್‌ಗೆ ಕಳಿಸಿ.

ಸಾಲದ ಗಾಡಿಯಾದರೆ ಮೊದಲು ಎಚ್‌ಪಿ (ಆರ್‌ಸಿಯಲ್ಲಿರುವ ಸಾಲದ ನಮೂದು) ತೆಗೆಸಿ: ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಜೊತೆಗೆ ಫಾರಂ 35. ಸಾಲ ತೀರಿದೆ ಎಂಬ ಬ್ಯಾಂಕಿನ ಮೆಸೇಜ್ ನೋಡಿ ಆರ್‌ಟಿಒ ಕಡತ ಮುಂದೆ ಹೋಗುವುದಿಲ್ಲ. ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ಫಾರಂ 28ರ ಎನ್‌ಒಸಿ ಬೇರೆ.

ವಿಮೆಯ ವಿಷಯದಲ್ಲಿ ಜಾಣತನ ಮಾಡಲು ಹೋಗಿ ಸಿಕ್ಕಿಬೀಳುವವರಿದ್ದಾರೆ. ಗಾಡಿ ಹೇಗೂ ಡೀಲರ್ ಹತ್ರ ನಿಂತಿದೆಯಲ್ಲ ಎಂದು ರಿನ್ಯೂ ಮಾಡದೆ ಬಿಡುತ್ತಾರೆ. ನಿಂತಿರುವುದಿಲ್ಲ, ಟ್ರಯಲ್‌ಗೆ ಓಡುತ್ತಿರುತ್ತದೆ. ಹೆಸರು ಬದಲಾಗುವವರೆಗೂ ಪಾಲಿಸಿ ಚಾಲ್ತಿಯಲ್ಲಿರಲೇಬೇಕು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಗಾಡಿಯದ್ದಲ್ಲ, ನಿಮ್ಮದು. ಮಾರಿದ ಮೇಲೆ ಕಂಪನಿಯಿಂದ ಅದರ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹಾಗೇ ಗಾಡಿ ಬಿಡುವ ದಿನವೇ ಫಾಸ್ಟ್ಯಾಗ್ ಮುಚ್ಚಿಸಿ, ಬಾಕಿ ಚಲನ್ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಮಾರಾಟವಾದ ದಿನ ಕೊಂಡವರ ಹೆಸರು, ವಿಳಾಸ, ತಾರೀಖು ತುಂಬಿದ ಫಾರಂಗಳಿಗೆ ಸಹಿ ಹಾಕಿ, ಜೆರಾಕ್ಸ್ ಇಟ್ಟುಕೊಳ್ಳಿ. ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ 30 ದಿನ. 29ಸಿ ಸಲ್ಲಿಸಿಲ್ಲದಿದ್ದರೆ, “ನಾನೇ ಮಾಡಿಸ್ತೀನಿ ಬಿಡಿ” ಎಂದು ಡೀಲರ್ ಹೇಳಿದರೂ ಈ 14 ದಿನದ ಹೊಣೆ ಕಾಯ್ದೆಯಲ್ಲಿ ನಿಮ್ಮ ಮೇಲಿದೆ. ಆಮೇಲೆ ವಾರಕ್ಕೊಮ್ಮೆ ಪರಿವಾಹನ್ ಪೋರ್ಟಲ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವೇ ಅಕ್ಷರ ಕಂಡರೂ ಅವು ನಿಮ್ಮವೋ ಬೇರೆಯವರದ್ದೋ ಎಂದು ಗೊತ್ತಾಗುತ್ತದೆ. ತಿಂಗಳು ಕಳೆದರೂ ನಿಮ್ಮವೇ ಇದ್ದರೆ ಫೋನ್ ಮಾಡುತ್ತ ಕೂರಬೇಡಿ. ಡೀಲರ್ ಮತ್ತು ಕೊಂಡವರು ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ, ಪ್ರತಿಯನ್ನು ಆರ್‌ಟಿಒಗೆ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ.