ದೇವರ ಚಿತ್ತವೂ ಕತ್ತರಿಸಿದ ಹಗ್ಗವೂ

"ದೇವರು ಎಲ್ಲವನ್ನೂ ಮೊದಲೇ ನಿರ್ಣಯಿಸಿದ್ದಾನಲ್ಲ ಪಾಸ್ಟರ್, ಇನ್ನು ನಾನು ಪ್ರಾರ್ಥಿಸಿದರೇನು, ಬಿಟ್ಟರೇನು?" ಸಭಾಪಾಲಕರ ಮುಂದೆ ಈ ಮಾತು ಮತ್ತೆ ಮತ್ತೆ ಬರುತ್ತದೆ. ಹೀಗೆ ಕೇಳುವ ಅನೇಕರು ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯ ಓದಿ, 10ನೆಯದನ್ನು ತೆರೆಯದೆ ಬಿಟ್ಟವರು. 9ರಲ್ಲಿ ದೇವರನ್ನು ಕುಂಬಾರನಿಗೂ ಮನುಷ್ಯನನ್ನು ಅವನ ಕೈಯ ಮಣ್ಣಿಗೂ ಹೋಲಿಸಿದ ಪೌಲನೇ 10ರಲ್ಲಿ, ಸಾರುವವನಿಲ್ಲದೆ ಜನ ಕೇಳುವುದು ಹೇಗೆ ಎಂದು ಕೇಳುತ್ತಾನೆ.

ಎಡವಟ್ಟು ಆಗುವುದು ಒಂದೇ ಕಡೆ. ದೇವರು ಗುರಿಯನ್ನು ಮಾತ್ರ ನಿಶ್ಚಯಿಸಿದ್ದಾನೆ, ದಾರಿಗೆ ಬೆಲೆಯಿಲ್ಲ ಎಂದುಕೊಳ್ಳುತ್ತಾರೆ. ಯಾವ ದಾರಿ ಹಿಡಿದರೂ ಆಗುವುದೇ ಆಗುತ್ತದೆ ಎಂದರೆ ಅದು ಹಣೆಬರಹ, ದೇವರ ಚಿತ್ತವಲ್ಲ.

ಅಪೊಸ್ತಲರ ಕೃತ್ಯಗಳು 27ನ್ನು ನಿಧಾನವಾಗಿ ಓದಿ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ 276 ಜನ, ಅವರಲ್ಲಿ ಕೈದಿಯಾಗಿ ರೋಮಿಗೆ ಹೋಗುತ್ತಿರುವ ಪೌಲನೂ ಒಬ್ಬ. ಯಾರ ಪ್ರಾಣವೂ ಹೋಗದು ಎಂದು ದೇವದೂತನ ಮೂಲಕ ಪೌಲನಿಗೆ ಮಾತು ಸಿಕ್ಕಿದೆ; ಷರತ್ತು ಯಾವುದೂ ಕಾಣುವುದಿಲ್ಲ. 14ನೇ ರಾತ್ರಿ ನಾವಿಕರು ಮುಂಭಾಗದಿಂದ ಲಂಗರು ಬಿಡುವ ನೆಪದಲ್ಲಿ ದೋಣಿ ಇಳಿಸಿ ಓಡಿಹೋಗಲು ನೋಡುತ್ತಾರೆ. ದೇವರು ಮಾತು ಕೊಟ್ಟಾಗಿದೆ, ಹೋದರೆ ಹೋಗಲಿ ಎಂದು ಪೌಲ ಸುಮ್ಮನಿರುವುದಿಲ್ಲ. ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಉಳಿಯಲಾರಿರಿ ಎಂದು ಶತಾಧಿಪತಿಗೆ ಹೇಳುತ್ತಾನೆ. ಸಿಪಾಯಿಗಳು ದೋಣಿಯ ಹಗ್ಗ ಕತ್ತರಿಸುತ್ತಾರೆ. ಆಮೇಲೆ ಊಟ, ಭಾರ ಇಳಿಸಲು ಗೋಧಿ ಸಮುದ್ರಕ್ಕೆ. ಕೊನೆಗೆ ಹಡಗು ಒಡೆದಾಗ ಕೆಲವರು ಈಜಿ, ಕೆಲವರು ಹಲಗೆ ಹಿಡಿದು ದಡ ಸೇರುತ್ತಾರೆ. ಎಲ್ಲರೂ ಉಳಿದರು. ಆ ಹಗ್ಗ ಕತ್ತರಿಸಿದ್ದು ದೇವರ ಮಾತಿನ ಮೇಲಿನ ಅವಿಶ್ವಾಸವಲ್ಲ, ಆ ಮಾತು ನೆರವೇರಿದ ಬಗೆಯೇ ಅದು. ಔಷಧಿ, ಪ್ರಾರ್ಥನೆ, ಮುರಿದ ಸಂಬಂಧಕ್ಕಾಗಿ ಕೇಳುವ ಕ್ಷಮೆ, ಇವೆಲ್ಲ ಆ ಹಗ್ಗದ ಸಾಲಿಗೇ ಸೇರುತ್ತವೆ.

ಹಾಗಾದರೆ ನಮ್ಮ ಆಯ್ಕೆ ನಿಜಕ್ಕೂ ಸ್ವತಂತ್ರವೇ? ಇಲ್ಲಿ ಸಭೆಗಳ ನಡುವೆ ನಿಜವಾದ ಭಿನ್ನಾಭಿಪ್ರಾಯವಿದೆ, ಅದನ್ನು ಮುಚ್ಚಿಡಬಾರದು. ಕೃಪೆಯನ್ನು ಮನುಷ್ಯ ತಳ್ಳಿಹಾಕಬಲ್ಲ ಎಂದು ಡಚ್ ದೈವಶಾಸ್ತ್ರಜ್ಞ ಆರ್ಮೀನಿಯಸ್‌ನ ಅನುಯಾಯಿಗಳು 1610ರಲ್ಲಿ ಬರೆದರು; 1618–19ರಲ್ಲಿ ನೆದರ್ಲೆಂಡ್ಸ್‌ನ ಡಾರ್ಟ್‌ನಲ್ಲಿ ಸೇರಿದ ಸಭಾನಾಯಕರ ಮಹಾಸಭೆ ಅದನ್ನು ಒಪ್ಪಲಿಲ್ಲ. ಆದರೆ ಕೃಪೆ ಮನುಷ್ಯರನ್ನು ಮರದ ದಿಮ್ಮಿಗಳಂತೆ ನಡೆಸುವುದಿಲ್ಲ ಎಂದು ಅದೇ ಡಾರ್ಟ್ ಸಭೆ ಹೇಳಿದೆ. ಕೃಪೆಯಿಲ್ಲದೆ ಮನುಷ್ಯನಿಂದ ಒಳ್ಳೆಯದಾಗದು ಎಂದು ಆರ್ಮೀನಿಯಸ್‌ನವರೂ ಒಪ್ಪಿದ್ದರು. ಕೈಕಟ್ಟಿ ಕೂರುವವನಿಗೆ ಎರಡೂ ಕಡೆ ಆಸರೆಯಿಲ್ಲ.

ಇಸ್ರಾಯೇಲ್ಯರನ್ನು ಬಿಡಲೊಪ್ಪದ ಈಜಿಪ್ಟಿನ ಅರಸ ಫರೋಹನ ಪ್ರಸಂಗವನ್ನೂ, ಅವನ ಹೃದಯವನ್ನು ದೇವರೇ ಕಠಿಣಮಾಡಿದನಲ್ಲ ಎಂದು ಅವಸರದಲ್ಲಿ ಎಳೆದು ತರುತ್ತಾರೆ. ವಿಮೋಚನಕಾಂಡ 8:15, 8:32ರಲ್ಲಿ ಅವನೇ ತನ್ನ ಹೃದಯವನ್ನು ಕಠಿಣಮಾಡಿಕೊಳ್ಳುತ್ತಾನೆ. ಈಜಿಪ್ಟಿನ ಮೇಲೆ ಬಂದ ಹತ್ತು ಬಾಧೆಗಳ ನಡುವೆ ಕರ್ತನೇ ಕಠಿಣಮಾಡಿದನೆಂಬ ಮಾತು ಮೊದಲು ಬರುವುದು ಆರನೆಯದರಲ್ಲಿ, 9:12ರಲ್ಲಿ. ಇದರಿಂದ ಎಲ್ಲ ಬಗೆಹರಿಯಿತು ಎನ್ನುವಂತಿಲ್ಲ. 4:21ರಲ್ಲೇ ದೇವರು ಹಾಗೆ ಮಾಡುವೆನೆಂದು ಮುಂಚಿತವಾಗಿ ತಿಳಿಸಿದ್ದಾನೆ. ಎರಡು ಬಗೆಯ ವಚನಗಳನ್ನೂ ಇದ್ದಹಾಗೆ ಓದಬೇಕು. ಅಪೊಸ್ತಲರ ಕೃತ್ಯಗಳು 2:23 ಒಂದೇ ವಾಕ್ಯದಲ್ಲಿ ಯೇಸುವಿನ ಮರಣವನ್ನು ದೇವರ ಸಂಕಲ್ಪವೆಂದೂ ಕೊಂದವರ ಅಪರಾಧವೆಂದೂ ಹೇಳುತ್ತದೆ. ಹೆಂಡತಿಗೆ ಹೊಡೆದು "ದೇವರು ಬಿಟ್ಟುಕೊಟ್ಟ" ಎನ್ನುವವನಿಗೆ ಆ ವಚನ ಬಾಗಿಲು ಮುಚ್ಚುತ್ತದೆ.

ನಿರ್ಧಾರ ಮಾಡಬೇಕಾದಾಗ ಧರ್ಮೋಪದೇಶಕಾಂಡ 29:29 ಹಿಡಿಯಿರಿ: ಗುಪ್ತವಾದದ್ದು ದೇವರದು, ಪ್ರಕಟವಾದದ್ದು ನಮ್ಮದು. ಗುಪ್ತ ನಿರ್ಣಯವನ್ನು ಊಹಿಸಲು ಹೋಗಬೇಡಿ. ಆಜ್ಞೆ ಏನಿದೆ, ಕೈಯಲ್ಲಿರುವ ಉಪಾಯ ಯಾವುದು, ಬಲ್ಲವರು ಏನನ್ನುತ್ತಾರೆ ಎಂದು ನೋಡಿ ಹೆಜ್ಜೆಯಿಡಿ.

ಮಗುವನ್ನು ಕಳೆದುಕೊಂಡ ತಾಯಿಯ ಎದುರು ಮಾತ್ರ ಇದಾವುದನ್ನೂ ತೆಗೆಯಬೇಡಿ. ಸತ್ತ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸುವೆನೆಂದು ತಿಳಿದಿದ್ದ ಯೇಸು, ಸಮಾಧಿಗೆ ಹೋಗುವ ಮೊದಲು ಅತ್ತನು.